ರೋಮಿಗೆ ದೂರು ಹೊತ್ತ ಯಾಜಕ: ಬಿಜಾಪುರದ ಮತೇವುಸ್ ದೆ ಕಾಸ್ತ್ರೊ

ಗುರುನಿಂದೆ ಮಾಡಬಾರದೆಂಬುದು ನಮ್ಮ ಕಥೋಲಿಕ ಮನೆಗಳಲ್ಲಿ ಮಕ್ಕಳಿಗೆ ಜಪಸರದ ಜೊತೆಗೇ ಕಲಿಸಿಕೊಡುವ ಪಾಠ. ಅಜ್ಜ ಅಜ್ಜಿಯರು ಹೇಳಿಕೊಟ್ಟ ಆ ಪಾಠವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ನಿಂದೆ ಬೇರೆ, ದೂರು ಬೇರೆ ಎಂಬುದನ್ನೂ ಅದರೊಡನೆಯೇ ಕಲಿಸಬೇಕಾಗಿತ್ತು. ನಿಂದೆ ಜಗುಲಿಯ ಮೇಲೆ, ಆಡಿಸಿಕೊಳ್ಳುವವನ ಬೆನ್ನ ಹಿಂದೆ ನಡೆಯುವ ಕೆಲಸ. ದೂರಾದರೋ ಕೇಳುವ ಅಧಿಕಾರವುಳ್ಳವರ ಮುಂದೆ, ತನ್ನ ಹೆಸರನ್ನು ಹೇಳಿಕೊಂಡು, ಅದರ ಫಲವನ್ನು ತಾನೇ ಉಣ್ಣಲು ಸಿದ್ಧನಾಗಿ ಸಲ್ಲಿಸುವಂಥದು. ಯಾಜಕರೊಬ್ಬರೇ ಯಾಜಕವರ್ಗದ ಮೇಲೆ ದೂರು ಹೊತ್ತು, ಸಮುದ್ರ ಮರುಭೂಮಿಗಳನ್ನು ದಾಟಿ ಪವಿತ್ರ ಪೀಠದ ಬಾಗಿಲಿಗೆ ಹೋಗಿ ನಿಂತ ಒಂದು ಪ್ರಸಂಗ ನಮ್ಮ ನಾಡಿನ ಧರ್ಮಸಭೆಯ ಚರಿತ್ರೆಯಲ್ಲಿದೆ. ಈ ವಾರ ಅವರ ಜೀವನವನ್ನು ಓದುಗರ ಮುಂದಿಡುತ್ತಿದ್ದೇವೆ.

ನಮ್ಮ ನಾಡು ಎಂದೆವು. ಬಂಡ್ರಿಯ ಓದುಗರಿಗೂ ಬಿಜಾಪುರಕ್ಕೂ ಏನು ಸಂಬಂಧವೆಂದು ಕೇಳಬಹುದು. 1565ರ ಯುದ್ಧದಲ್ಲಿ ವಿಜಯನಗರ ಸೋತು ಹಂಪಿ ಹಾಳಾದ ಮೇಲೆ ಈ ಸೀಮೆಯ ಪಾಳೆಯಗಾರರು ಒಬ್ಬೊಬ್ಬರಾಗಿ ಬಿಜಾಪುರದ ಆದಿಲಶಾಹಿ ಸುಲ್ತಾನರಿಗೆ ಕಪ್ಪ ಒಪ್ಪಿಸತೊಡಗಿದರು. ಬಳ್ಳಾರಿಯ ಹಂಡೆ ನಾಯಕರೂ ಅವರಲ್ಲಿ ಸೇರಿದ್ದರು. ಮುಂದೆ ಸಂಡೂರನ್ನಾಳಿದ ಘೋರ್ಪಡೆ ಮನೆತನದ ಹಿರಿಯರು ಸಹ ಬಿಜಾಪುರದ ಸೇನೆಯಲ್ಲಿದ್ದವರು. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿರುವ ಹಳೆಯ ಕಥೋಲಿಕ ಸಮುದಾಯದ ಬೇರುಗಳೂ ಆ ಸುಲ್ತಾನರ ಕಾಲಕ್ಕೇ ಹೋಗುತ್ತವೆ. 1637ರಲ್ಲಿ ರೋಮ್ ಈ ರಾಜ್ಯಕ್ಕೆಂದು ಒಬ್ಬ ಧರ್ಮಾಧ್ಯಕ್ಷರನ್ನು ನೇಮಿಸಿತು. ನೇಮಕದ ಪತ್ರದಲ್ಲಿ ರಾಜ್ಯದ ಹೆಸರು ಇದಲ್ಕಾನ್ ಎಂದಿತ್ತು. ಆದಿಲಖಾನ ಎಂಬುದು ಪೋರ್ಚುಗೀಸರ ನಾಲಿಗೆಯಲ್ಲಿ ಪಡೆದ ರೂಪ ಅದು. ಹಾಗೆ ನೇಮಕಗೊಂಡವರು ಮತೇವುಸ್ ದೆ ಕಾಸ್ತ್ರೊ. ಲ್ಯಾಟಿನ್ ವಿಧಿಯ ಧರ್ಮಸಭೆಯಲ್ಲಿ ಧರ್ಮಾಧ್ಯಕ್ಷರಾದ ಭಾರತೀಯರಲ್ಲಿ ಅವರೇ ಮೊದಲಿಗರು.

ಅವರು ಹುಟ್ಟಿದ್ದು 1594ರ ಸುಮಾರಿಗೆ, ಗೋವೆಯ ದಿವಾಡಿ ದ್ವೀಪದಲ್ಲಿ, ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿದ್ದ ಬ್ರಾಹ್ಮಣ ಮನೆತನವೊಂದರಲ್ಲಿ. ಅಂದಿನ ಗೋವೆಯ ಧರ್ಮಸಭೆ ಪೋರ್ಚುಗಲ್ಲಿನ ಅರಸರ ಪೋಷಣೆಯಲ್ಲಿತ್ತು. ಪಾದ್ರುವಾದೊ ಎಂದು ಕರೆಯುತ್ತಿದ್ದ ಈ ಏರ್ಪಾಡಿನಂತೆ ದೇವಾಲಯಗಳನ್ನು ಕಟ್ಟಿಸುವ, ಯಾಜಕರನ್ನು ಸಾಕುವ ಹೊಣೆ ಅರಸನದು. ಧರ್ಮಾಧ್ಯಕ್ಷರ ಹೆಸರನ್ನು ಸೂಚಿಸುವ ಹಕ್ಕೂ ಅರಸನದೇ. ಬಾರ್ದೇಸಿನ ಧರ್ಮಕೇಂದ್ರಗಳು ಫ್ರಾನ್ಸಿಸ್ಕನ್ ಸಭೆಯವರ ಕೈಯಲ್ಲಿದ್ದವು, ಸಾಷ್ಟಿಯವು ಯೇಸುಸಭೆಯವರ ಕೈಯಲ್ಲಿ. ಈ ಸಭೆಗಳಲ್ಲಿ ಮಹಾಪುರುಷರು ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಸಾಷ್ಟಿಯಲ್ಲಿದ್ದ ಇಂಗ್ಲೆಂಡಿನ ಯೇಸುಸಭಿಕ ಥಾಮಸ್ ಸ್ಟೀಫನ್ಸರು ಮರಾಠಿಯಲ್ಲಿ ಕ್ರಿಸ್ತಪುರಾಣವನ್ನು ಹಾಡಿದವರು, ಕೊಂಕಣಿಗೆ ವ್ಯಾಕರಣವನ್ನು ಬರೆದವರು. ನಮ್ಮ ಬಳ್ಳಾರಿ ಸೀಮೆಯ ಕಥೋಲಿಕರಂತೂ ಫ್ರಾನ್ಸಿಸ್ಕನ್ನರ ಋಣವನ್ನು ಮರೆಯುವಂತೆಯೇ ಇಲ್ಲ. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ ಸ್ಥಾಪನೆಯಾದಾಗ ಅದರ ಮೊದಲ ಧರ್ಮಾಧ್ಯಕ್ಷರು ಆ ಸಭೆಯವರೇ ಆಗಿದ್ದರು. ಆದರೆ ಹದಿನೇಳನೆಯ ಶತಮಾನದ ಗೋವೆಯಲ್ಲಿ ಯಾಜಕವೃತ್ತಿ, ಆಳುವ ಜನಾಂಗ, ಸರಕಾರದ ಬೊಕ್ಕಸ ಇವು ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಅದರಿಂದ ಹುಟ್ಟಿದ ದೋಷಗಳು ಎಲ್ಲರ ಕಣ್ಣಿಗೂ ಬೀಳುತ್ತಿದ್ದವು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಬಾಲಕ ಮತೇವುಸ್ ಕಲಿತದ್ದು ಫ್ರಾನ್ಸಿಸ್ಕನ್ನರ ರೇಯಿಸ್ ಮಾಗೊಸ್ ವಿದ್ಯಾಶಾಲೆಯಲ್ಲಿ. ಲ್ಯಾಟಿನ್ ಭಾಷೆ ಬಂತು, ಶಾಸ್ತ್ರಾಭ್ಯಾಸವೂ ಆಯಿತು. ಗುರುದೀಕ್ಷೆಯನ್ನು ಬೇಡಿದಾಗ ಮಾತ್ರ ಬಾಗಿಲು ಮುಚ್ಚಿತು. ಆಗಿನ ಮಹಾಧರ್ಮಾಧ್ಯಕ್ಷರು ದೇಶೀಯರಿಗೆ ದೀಕ್ಷೆ ನೀಡಲು ಒಪ್ಪಲಿಲ್ಲ. ವಿದ್ಯೆಯಲ್ಲಿ ಕೊರತೆಯಿದ್ದಿದ್ದರೆ ಇನ್ನಷ್ಟು ಓದಬಹುದಿತ್ತು, ನಡತೆಯಲ್ಲಿ ಲೋಪವಿದ್ದಿದ್ದರೆ ತಿದ್ದಿಕೊಳ್ಳಬಹುದಿತ್ತು. ಅಡ್ಡ ಬಂದದ್ದು ಹುಟ್ಟು. ಅದನ್ನು ಯಾವ ಪ್ರಾಯಶ್ಚಿತ್ತದಿಂದ ಕಳೆದುಕೊಳ್ಳುವುದು?

ಬೇರೊಬ್ಬರಾಗಿದ್ದರೆ ಊರಿಗೆ ಹಿಂದಿರುಗಿ ಮನೆತನದ ಗದ್ದೆ ತೋಟಗಳನ್ನು ನೋಡಿಕೊಂಡಿರುತ್ತಿದ್ದರು. ಮತೇವುಸ್ ಕಾರ್ಮೆಲ್ ಸಭೆಯ ಸನ್ಯಾಸಿಗಳ ನೆರವು ಪಡೆದು, ಪರ್ಷಿಯಾದ ಮಾರ್ಗವಾಗಿ ಭೂಮಿಯ ಮೇಲೆ ನಡೆದು, 1625ರಲ್ಲಿ ರೋಮನ್ನು ಸೇರಿದರು. ಪೋರ್ಚುಗೀಸರ ಹಡಗನ್ನು ಹತ್ತಿದ್ದರೆ ಲಿಸ್ಬನ್ನಿನ ಅನುಮತಿ ಬೇಕಾಗುತ್ತಿತ್ತು. ಆದ್ದರಿಂದಲೇ ಆ ದೀರ್ಘವಾದ, ಪ್ರಾಣಕ್ಕೆ ಎರವಾಗಬಲ್ಲ ದಾರಿಯನ್ನು ಹಿಡಿದಿರಬೇಕೆಂದು ನಮ್ಮ ಊಹೆ.

ಅವರು ಹೋದ ಕಾಲ ಒಳ್ಳೆಯದಾಗಿತ್ತು. ಹದಿನೈದನೆಯ ಗ್ರೆಗರಿ ಜಗದ್ಗುರುಗಳು 1622ರಲ್ಲಿ ವಿಶ್ವಾಸಪ್ರಸಾರದ ಪರಿಷತ್ತನ್ನು, ಎಂದರೆ ಪ್ರೊಪಗಾಂದ ಫೀದೆಯನ್ನು ಸ್ಥಾಪಿಸಿದ್ದರು. ಅದರ ಮೊದಲ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೋಲಿ ಎಂಬ ಪುರೋಹಿತರು. 1649ರಲ್ಲಿ ತಾವು ಸಾಯುವವರೆಗೂ ಅದೇ ಸ್ಥಾನದಲ್ಲಿದ್ದ ಇಂಗೋಲಿಯವರು ಲೋಕದ ಮೂಲೆಮೂಲೆಯ ಧರ್ಮಕ್ಷೇತ್ರಗಳಿಂದ ವರದಿಗಳನ್ನು ತರಿಸಿ ಓದುತ್ತಿದ್ದರು. ಗೋವೆಯಿಂದ ಅವರಿಗೆ ಬರುತ್ತಿದ್ದ ವರದಿಗಳೆಲ್ಲ ಅಲ್ಲಿ ಅಧಿಕಾರದಲ್ಲಿದ್ದವರೇ ಬರೆದವು. ಈಗ ಮೊದಲ ಬಾರಿಗೆ ಆ ವ್ಯವಸ್ಥೆಯ ಕೆಳಗೆ ಸಿಕ್ಕಿ ನೊಂದವನೊಬ್ಬ ಎದುರಿಗೆ ನಿಂತು, ಲ್ಯಾಟಿನ್ ಭಾಷೆಯಲ್ಲಿಯೇ, ನಡೆದುದನ್ನು ಹೇಳುತ್ತಿದ್ದನು.

ಕಾಸ್ತ್ರೊ ಅವರು ಆಗಲೂ ಮುಂದಿನ ವರ್ಷಗಳಲ್ಲಿಯೂ ರೋಮಿನ ಮುಂದಿಟ್ಟ ದೂರುಗಳ ಸಾರ ಹೀಗಿದೆ. ಯೋಗ್ಯತೆಯುಳ್ಳ ದೇಶೀಯರಿಗೆ ದೀಕ್ಷೆ ದೊರೆಯುವುದಿಲ್ಲ. ಎಲ್ಲೋ ಕೆಲವರಿಗೆ ದೊರೆತರೂ ಅವರಿಗೆ ಧರ್ಮಕೇಂದ್ರಗಳನ್ನು ಒಪ್ಪಿಸದೆ ಪರದೇಶದ ಗುರುಗಳ ಕೈಕೆಳಗಿನ ಸಹಾಯಕರನ್ನಾಗಿ ಇಟ್ಟುಕೊಳ್ಳುತ್ತಾರೆ. ಆ ಪರದೇಶದ ಗುರುಗಳಲ್ಲಿ ಅನೇಕರು ಜನರ ಭಾಷೆಯನ್ನೇ ಕಲಿಯದೆ ಧರ್ಮಕೇಂದ್ರಗಳನ್ನು ಆಳುತ್ತಾರೆ. ಮೈಬಣ್ಣವನ್ನು ಕಂಡು ಹೀಯಾಳಿಸುತ್ತಾರೆ.

ಮೂರನೆಯ ಮಾತನ್ನು ನಾವು ಸ್ವಲ್ಪ ನಿಂತು ನೋಡಬೇಕು. ಭಾಷೆ ಬಾರದ ಗುರುವಿನ ಮುಂದೆ ಮೊಣಕಾಲೂರಿದ ಹೆಣ್ಣುಮಗಳೊಬ್ಬಳು ಪಾಪನಿವೇದನೆ ಮಾಡುವುದೆಂತು? ದುಭಾಷಿಯನ್ನು ನಡುವೆ ನಿಲ್ಲಿಸಿಕೊಂಡೇ? ಮರಣಶಯ್ಯೆಯಲ್ಲಿರುವ ಮುದುಕನಿಗೆ ಗುರು ಯಾವ ನುಡಿಯಲ್ಲಿ ಧೈರ್ಯ ಹೇಳುವುದು? ಇದನ್ನು ಗೋವೆಯ ಧರ್ಮಸಭೆ ಅರಿಯದೆ ಇರಲಿಲ್ಲ. 1606ರಲ್ಲಿ ಅಲ್ಲಿ ಸೇರಿದ ಐದನೆಯ ಪ್ರಾಂತೀಯ ಸಭೆಯೇ ನಾಡಭಾಷೆ ತಿಳಿಯದವರನ್ನು ಧರ್ಮಕೇಂದ್ರಕ್ಕೆ ನೇಮಿಸಬಾರದೆಂದು ವಿಧಿಸಿತ್ತು. ಆದುದರಿಂದ ಕಾಸ್ತ್ರೊ ಅವರು ಹೊಸ ಹಕ್ಕೇನನ್ನೂ ಕೇಳಿದಂತಾಗಲಿಲ್ಲ. ಅಲ್ಲಿನ ಯಾಜಕರು ತಮ್ಮದೇ ಕಟ್ಟಳೆಯನ್ನು ಮೀರುತ್ತಿದ್ದಾರೆಂದು ತೋರಿಸಿಕೊಟ್ಟರು, ಅಷ್ಟೆ.

ರೋಮ್ ಅವರ ಮಾತನ್ನು ಕೇಳಿತು. 1630ರ ಸುಮಾರಿಗೆ ಅಲ್ಲಿಯೇ ಅವರಿಗೆ ಗುರುದೀಕ್ಷೆಯಾಯಿತು. ಯೋಗ್ಯರಾದ ದೇಶೀಯರಿಗೆ ದೀಕ್ಷೆ ಕೊಡಬೇಕೆಂದು ಪ್ರೊಪಗಾಂದ ಅದೇ 1630ರಲ್ಲಿ ತೀರ್ಮಾನಿಸಿತು. ಕಾಸ್ತ್ರೊ ಅವರು ರೋಮಿನ ಅಧಿಕಾರಪತ್ರಗಳನ್ನು ಹಿಡಿದು 1633ರಲ್ಲಿ ಗೋವೆಗೆ ಬಂದಿಳಿದರು.

ಅಲ್ಲಿ ನಡೆದುದು ದೂರು ಕೊಟ್ಟವರೆಲ್ಲರಿಗೂ ಪರಿಚಿತವಾದ ಕಥೆ. ಪತ್ರಗಳನ್ನು ಮಾನ್ಯ ಮಾಡಲಿಲ್ಲ. ಅರಸನ ಒಪ್ಪಿಗೆಯಿಲ್ಲದೆ ರೋಮಿನಿಂದ ನೇರವಾಗಿ ಬಂದ ಕಾಗದಕ್ಕೆ ಇಲ್ಲಿ ಬೆಲೆಯಿಲ್ಲವೆಂಬುದು ಅಧಿಕಾರಿಗಳ ನಿಲುವು. ದೂರಿನಲ್ಲಿ ಸತ್ಯವಿದೆಯೇ ಎಂದು ವಿಚಾರಿಸಿದವರು ಕಾಣೆವು; ದೂರುಗಾರನ ಅಹಂಕಾರ, ಅವನ ಸಿಡುಕು, ಅವನ ಅವಿಧೇಯತೆ ಇವೇ ಚರ್ಚೆಯ ವಿಷಯಗಳಾದವು. ಕಾಸ್ತ್ರೊ ಅವರ ಸ್ವಭಾವದಲ್ಲಿ ಸಿಡುಕು ಇದ್ದುದು ನಿಜ. ಅವರ ವಿರೋಧಿಗಳಷ್ಟೇ ಅಲ್ಲ, ಅವರನ್ನು ಮೆಚ್ಚಿದ ಚರಿತ್ರಕಾರರೂ ಅದನ್ನು ಒಪ್ಪುತ್ತಾರೆ. ಆದರೆ ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗಿದವನ ಕಂಠ ಕರ್ಕಶವಾಗಿದೆಯೆಂದು ಬೆಂಕಿಯನ್ನು ಆರಿಸದೆ ಕೂರುವುದು ಯಾವ ನ್ಯಾಯ?

ಇಲ್ಲಿ ನಮ್ಮ ಕಾಲದ ಒಂದು ಸಂಗತಿಯನ್ನು ಹೇಳಬೇಕು. 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸರು ಹೊರಡಿಸಿ, 2023ರಲ್ಲಿ ಶಾಶ್ವತಗೊಳಿಸಿದ ವೊಸ್ ಎಸ್ತಿಸ್ ಲುಕ್ಸ್ ಮುಂದಿ ಎಂಬ ಶಾಸನವಿದೆ. ಯಾಜಕರಿಂದ ನಡೆಯುವ ಲೈಂಗಿಕ ದೌರ್ಜನ್ಯವನ್ನು, ಅಂಥವನ್ನು ಮೇಲಿನವರು ಮುಚ್ಚಿಹಾಕುವುದನ್ನು ಕುರಿತದ್ದು ಅದು. ಇಂತಹ ಕೃತ್ಯ ತಿಳಿದುಬಂದರೆ ಯಾಜಕರೂ ಸನ್ಯಾಸಿ ಸನ್ಯಾಸಿನಿಯರೂ ವರದಿ ಮಾಡಲೇಬೇಕೆಂದು ಅದು ಕಟ್ಟುಮಾಡುತ್ತದೆ. ಪಾಪನಿವೇದನೆಯ ಗುಟ್ಟು ಮಾತ್ರ ಇದಕ್ಕೆ ಹೊರತು. ವರದಿಗಳನ್ನು ಸ್ವೀಕರಿಸುವ ವ್ಯವಸ್ಥೆಯನ್ನು ಪ್ರತಿ ಧರ್ಮಪ್ರಾಂತವೂ ಇಟ್ಟಿರಬೇಕು. ವರದಿ ಮಾಡಿದವರಿಗೆ ಅದಕ್ಕಾಗಿ ಕಿರುಕುಳ ಕೊಡುವುದನ್ನೂ ಹಗೆ ಸಾಧಿಸುವುದನ್ನೂ ಅದರ ನಾಲ್ಕನೆಯ ವಿಧಿ ನಿಷೇಧಿಸಿದೆ. ಕಾಸ್ತ್ರೊ ಅವರು ಹೊತ್ತ ದೂರಿನ ಬಗೆ ಬೇರೆ. ಆದರೂ ದೂರು ತಂದವನನ್ನೇ ಅಪರಾಧಿಯಾಗಿ ನಿಲ್ಲಿಸುವ ಚಾಳಿ ಎಷ್ಟು ಹಳೆಯದೆಂಬುದು, ಅದನ್ನು ತಡೆಯಲು ಇಷ್ಟು ತಡವಾಗಿಯಾದರೂ ಶಾಸನವೇ ಬೇಕಾಯಿತೆಂಬುದು ಈ ಎರಡನ್ನೂ ಕೂಡಿಸಿ ಓದಿದಾಗ ತಿಳಿಯುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಸಂತ ಪೇತ್ರ ದಾಮಿಯಾನಿಯವರು ಯಾಜಕರ ದುರ್ನಡತೆಯನ್ನು ಒಂಬತ್ತನೆಯ ಲಿಯೊ ಜಗದ್ಗುರುಗಳಿಗೆ ಬರೆದು ತಿಳಿಸಿದವರು. 1828ರಲ್ಲಿ ಧರ್ಮಸಭೆ ಅವರಿಗೆ ಪಂಡಿತರೆಂಬ ಪದವಿಯನ್ನಿತ್ತಿತು. ಅಂಥ ಭಾಗ್ಯ ಎಲ್ಲ ದೂರುಗಾರರಿಗೂ ಒದಗುವುದಿಲ್ಲ.

ಕಾಸ್ತ್ರೊ ಅವರು ಮತ್ತೆ ರೋಮಿಗೆ ಹೋದರು. ಇಂಗೋಲಿಯವರು ಒಂದು ಉಪಾಯವನ್ನು ಕಂಡುಕೊಂಡಿದ್ದರು. ಪೋರ್ಚುಗೀಸರ ಆಳ್ವಿಕೆಯಿಲ್ಲದ ಕಡೆ ಪಾದ್ರುವಾದೊ ಹಕ್ಕು ನಡೆಯದೆಂದು ವಾದಿಸಿ, ಅಂಥ ರಾಜ್ಯಗಳಿಗೆ ಜಗದ್ಗುರುಗಳ ನೇರ ಪ್ರತಿನಿಧಿಗಳಾಗಿ ಧರ್ಮಾಧ್ಯಕ್ಷರನ್ನು ಕಳುಹಿಸುವುದು. ಹೀಗೆ 1637ರಲ್ಲಿ ಕಾಸ್ತ್ರೊ ಅವರು ಕ್ರಿಸೊಪೊಲಿಸ್ ಎಂಬ ನಾಮಮಾತ್ರದ ಪೀಠದ ಧರ್ಮಾಧ್ಯಕ್ಷರಾಗಿ, ಬಿಜಾಪುರ ರಾಜ್ಯದ ಪ್ರೇಷಿತ ಪ್ರತಿನಿಧಿಯಾಗಿ ಅಭಿಷಿಕ್ತರಾದರು. ಗೋವೆಯಲ್ಲಿ ದೀಕ್ಷೆಗೆ ಅನರ್ಹನೆನಿಸಿದ್ದವನು ಈಗ ದೀಕ್ಷೆ ಕೊಡುವ ಅಧಿಕಾರಿಯಾದನು.

ಬಿಜಾಪುರದಲ್ಲಿ ಆಗ ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆ. ಗೋಳಗುಮ್ಮಟ ಅವನದೇ ಗೋರಿ. ಶಾಲೆಯ ಪ್ರವಾಸದಲ್ಲಿ ಅಲ್ಲಿ ಕೂಗಿ ಪ್ರತಿಧ್ವನಿ ಕೇಳಿಬಂದ ನಮ್ಮ ಮಕ್ಕಳಿಗೆ ಇದನ್ನು ಹೇಳಬಹುದು. ಕಾಸ್ತ್ರೊ ಅವರು ಗೋವೆಯ ಗಡಿಗೆ ತಾಗಿಕೊಂಡಿದ್ದ ಬಿಚೋಲಿಯಲ್ಲಿ ನೆಲೆಸಿದರು. ಇಂದು ಗೋವೆಯ ಭಾಗವಾಗಿರುವ ಆ ಊರು ಅಂದು ಬಿಜಾಪುರದ್ದು. ಅಲ್ಲಿ ದೇವಾಲಯವೊಂದನ್ನು ಕಟ್ಟಿ, ಗೋವೆಯಲ್ಲಿ ತಿರಸ್ಕೃತರಾಗಿ ಗಡಿ ದಾಟಿ ಬಂದ ತರುಣರಿಗೆ ಗುರುದೀಕ್ಷೆ ಕೊಡತೊಡಗಿದರು. ಗೋವೆಯ ಅಧಿಕಾರಿಗಳು ಆ ದೀಕ್ಷೆಗಳನ್ನು ಮಾನ್ಯ ಮಾಡದೆ, ಹಾಗೆ ದೀಕ್ಷೆ ಪಡೆದವರು ತಮ್ಮಲ್ಲಿ ಬಲಿಪೂಜೆ ಅರ್ಪಿಸದಂತೆ ತಡೆದರು. ಇಥಿಯೋಪಿಯಾದ ಪಿತಾಮಹರಾಗಿ ಗೋವೆಯಲ್ಲಿದ್ದ ಯೇಸುಸಭೆಯ ಅಫೊನ್ಸೊ ಮೆಂದೆಸರಿಗೂ ಇವರಿಗೂ ಕಡುವೈರ ಬೆಳೆಯಿತು.

ನಡುವಿನ ವರ್ಷಗಳನ್ನು ಬೇಗನೆ ಹೇಳಿ ಮುಗಿಸಬಹುದು. 1640ರ ದಶಕದಲ್ಲಿ ಮತ್ತೊಮ್ಮೆ ರೋಮು, ಇಥಿಯೋಪಿಯಾಕ್ಕೆ ನೇಮಕ, ಕೆಂಪುಸಮುದ್ರದ ತೀರದವರೆಗೆ ಹೋದರೂ ಒಳನಾಡನ್ನು ಹೊಗಲಾಗದೆ ಹಿಂದಿರುಗಿದುದು, ಆಗ್ರಾಕ್ಕೆ ಹೋಗಿ ಅಲ್ಲಿನ ಯೇಸುಸಭಿಕರೊಡನೆ ಜಗಳವಾಡಿದುದು. 1650ರ ದಶಕದ ಮೊದಲಲ್ಲಿ ಅವರು ಪುನಃ ಬಿಚೋಲಿಗೆ ಬಂದಾಗ ವಯಸ್ಸು ಅರವತ್ತರ ಹತ್ತಿರ. ರೋಮಿನಲ್ಲಿ ಅವರ ಮಾತನ್ನು ತಾಳ್ಮೆಯಿಂದ ಕೇಳುತ್ತಿದ್ದ ಇಂಗೋಲಿಯವರು ತೀರಿಹೋಗಿದ್ದರು.

ಇಲ್ಲಿಂದ ಮುಂದೆ ಕಾಸ್ತ್ರೊ ಅವರು ಹಿಡಿದ ದಾರಿಯನ್ನು ನಾವು ಸಮರ್ಥಿಸಲಾರೆವು. 1653ರಲ್ಲಿ ಬ್ರಾಹ್ಮಣರ ಕನ್ನಡಿ ಎಂಬ ಅರ್ಥ ಬರುವ ಬರಹವೊಂದನ್ನು ಗೋವೆಯ ತಮ್ಮ ಜಾತಿಯವರಿಗೆ ಕಳುಹಿಸಿ, ಪೋರ್ಚುಗೀಸರ ನೊಗವನ್ನು ಕಿತ್ತೊಗೆಯುವಂತೆ ಪ್ರೇರಿಸಿದರು. ವೆಂಗುರ್ಲೆಯಲ್ಲಿ ಕೋಠಿ ಇಟ್ಟಿದ್ದ ಡಚ್ಚರೊಡನೆ ಅವರಿಗೆ ಸಂಪರ್ಕವಿತ್ತು. 1654ರಲ್ಲಿ ಬಿಜಾಪುರದ ಸೇನೆ ಬಾರ್ದೇಸ್ ಮತ್ತು ಸಾಷ್ಟಿಗಳ ಮೇಲೆ ಬಿದ್ದಿತು. ಇದರ ಹಿಂದೆ ಧರ್ಮಾಧ್ಯಕ್ಷರ ಕೈಯಿತ್ತೆಂದು ಪೋರ್ಚುಗೀಸರು ಆರೋಪಿಸಿದರು. ದಾಳಿ ವಿಫಲವಾಯಿತು. ದಂಡು ಬಂದಾಗ ಮೊದಲು ಉರಿಯುವುದು ವೈಸರಾಯರ ಅರಮನೆಯಾಗಿರುವುದಿಲ್ಲ. ಗಡಿಯ ಹಳ್ಳಿಗಳ ರೈತನ ಗುಡಿಸಲು ಉರಿಯುತ್ತದೆ. ಆ ರೈತರೂ ಕ್ರೈಸ್ತರೇ, ಕಾಸ್ತ್ರೊ ಅವರು ಯಾರ ಪರವಾಗಿ ಮೊದಲು ರೋಮಿಗೆ ನಡೆದಿದ್ದರೋ ಅವರೇ. ಮೂವತ್ತು ವರ್ಷಗಳ ಕಾಲ ನ್ಯಾಯ ದೊರೆಯದವನು ಹೀಗಾದನೆಂದು ವಿವರಿಸಬಹುದು. ವಿವರಣೆ ಬೇರೆ, ಸಮರ್ಥನೆ ಬೇರೆ.

ಇನ್ನೊಂದು ಮಾತನ್ನೂ ಮರೆಮಾಚಬಾರದು. ಹುಟ್ಟಿನ ಕಾರಣದಿಂದ ತಮ್ಮನ್ನು ಹೊರಗಿಟ್ಟರೆಂದು ದೂರಿದ ಕಾಸ್ತ್ರೊ ಅವರು ತಮ್ಮ ಜಾತಿಯ ಹಿರಿಮೆಯನ್ನು ಬಿಟ್ಟುಕೊಡಲಿಲ್ಲ. ಅವರ ಬರಹದ ಹೆಸರೇ ಅದಕ್ಕೆ ಸಾಕ್ಷಿ. ಬಿಳಿಯ ಗುರು ದೇಶೀಯನನ್ನು ಕಂಡ ಕಣ್ಣಿನಲ್ಲಿಯೇ ದೇಶೀಯರೊಳಗಿನ ಮೇಲಿನವನು ಕೆಳಗಿನವನನ್ನು ಕಾಣುತ್ತಿದ್ದಾನೆಂಬುದು ಅವರಿಗೆ ಹೊಳೆಯಲಿಲ್ಲವೆಂದೇ ತೋರುತ್ತದೆ. ನಮ್ಮ ಸೀಮೆಯಲ್ಲಿ ಈ ಪುಟವನ್ನು ಓದುವ ಮನೆಗಳಲ್ಲಿ ದಲಿತ ಮೂಲದ ಕುಟುಂಬಗಳು ಕಡಿಮೆಯೇನಲ್ಲ. ಅವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಧರ್ಮಸಭೆಯೊಳಗೆ ಜಾತಿಭೇದವಿರುವುದನ್ನು ಒಪ್ಪಿಕೊಂಡು ದಲಿತ ಕ್ರೈಸ್ತರ ಸಬಲೀಕರಣದ ನೀತಿಯನ್ನು ಭಾರತದ ಧರ್ಮಾಧ್ಯಕ್ಷರ ಮಂಡಳಿ ಪ್ರಕಟಿಸಿದ್ದು 2016ರಲ್ಲಿ.

ಆದರೂ ದೂರುಗಾರನ ಈ ದೋಷಗಳಿಂದ ದೂರು ಸುಳ್ಳಾಗಲಿಲ್ಲ. ರೋಮ್ ಕಾಸ್ತ್ರೊ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. 1658ರಲ್ಲಿ ಹೋದವರು ಮತ್ತೆ ಭಾರತವನ್ನು ಕಾಣಲಿಲ್ಲ. ಅವರ ಮೇಲಿನ ಭರವಸೆ ಕುಂದಿದರೂ ಅವರು ಕಲಿಸಿದ ಪಾಠವನ್ನು ಪ್ರೊಪಗಾಂದ ಮರೆಯಲಿಲ್ಲವೆಂಬುದೇ ಅಚ್ಚರಿ. ಅದೇ ಹೊತ್ತಿನಲ್ಲಿ ಚೀನಾ, ವಿಯೆಟ್ನಾಂ ಕಡೆಗೆ ಪ್ರೇಷಿತ ಪ್ರತಿನಿಧಿಗಳು ನೇಮಕಗೊಂಡರು. 1659ರಲ್ಲಿ ಅವರಿಗೆ ಕೊಟ್ಟ ಆದೇಶದಲ್ಲಿ ದೇಶೀಯ ಯಾಜಕರನ್ನು ಸಿದ್ಧಗೊಳಿಸುವುದೇ ಮುಖ್ಯ ಕೆಲಸವೆಂದೂ, ಯೂರೋಪಿನ ನಡೆನುಡಿಗಳನ್ನು ಆ ಜನರ ಮೇಲೆ ಹೇರಕೂಡದೆಂದೂ ಬರೆಯಲಾಗಿತ್ತು. ಭಾರತದಲ್ಲಿಯೂ ಗೋವೆಯ ಕುಸ್ತೋದಿಯೊ ದೆ ಪಿನ್ಯೊ ಅವರು, ಬಳಿಕ ಕಾಸ್ತ್ರೊ ಅವರ ಬಂಧು ತೊಮಾಸ್ ದೆ ಕಾಸ್ತ್ರೊ ಅವರು ಧರ್ಮಾಧ್ಯಕ್ಷರಾದರು. ಬಾರ್ದೇಸಿನ ಧರ್ಮಕೇಂದ್ರಗಳು ದೇಶೀಯ ಯಾಜಕರ ಕೈಗೆ ಬಂದದ್ದು ಮಾತ್ರ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಆಧುನಿಕ ಕಾಲದಲ್ಲಿ ಲ್ಯಾಟಿನ್ ವಿಧಿಯ ಭಾರತೀಯ ಧರ್ಮಾಧ್ಯಕ್ಷರನ್ನು ಕಾಣಲು 1923ರವರೆಗೆ, ತೂತ್ತುಕುಡಿಯ ತಿಬುರ್ಸಿಯುಸ್ ರೋಚ್ ಅವರವರೆಗೆ ಕಾಯಬೇಕಾಯಿತು.

ತೊಮಾಸ್ ದೆ ಕಾಸ್ತ್ರೊ ಅವರು ನೆಲೆಸಿದ್ದು ನಮ್ಮ ಮಂಗಳೂರಿನಲ್ಲಿ. ಗೋವೆಯವರಿಗೂ ಅವರಿಗೂ ಅಧಿಕಾರದ ವ್ಯಾಜ್ಯ ಬೆಳೆದು ಕರಾವಳಿಯ ಕ್ರೈಸ್ತರು ಎರಡು ಪಂಗಡವಾಗಿದ್ದಾಗ, 1681ರಲ್ಲಿ, ಗೋವೆಯ ಪರವಾಗಿ ಬಂದವರು ಬೇರಾರೂ ಅಲ್ಲ, ಇಂದು ನಾವು ಸಂತರೆಂದು ವಂದಿಸುವ ಜೋಸೆಫ್ ವಾಜರು. ಅವರೂ ಗೋವೆಯ ಬ್ರಾಹ್ಮಣ ಮನೆತನದವರೇ. ಎದುರು ಪಕ್ಷದ ಧರ್ಮಾಧ್ಯಕ್ಷರೊಡನೆ ಗೌರವದಿಂದ ನಡೆದುಕೊಂಡು, ಜನರ ಸಂಸ್ಕಾರಗಳು ನಿಲ್ಲದಂತೆ ನೋಡಿಕೊಂಡರು. ಮುಂದೆ ದೇಶೀಯ ಯಾಜಕರದೇ ಆದ ಗೋವೆಯ ಒರಟೋರಿ ಸಭೆಯನ್ನು ಸೇರಿ ಸಿಂಹಳಕ್ಕೆ ಹೋದರು. 2015ರಲ್ಲಿ ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸರು ಅವರಿಗೆ ಸಂತ ಪದವಿಯನ್ನು ಘೋಷಿಸಿದರು. ಮುಡಿಪುವಿನ ಅವರ ಪುಣ್ಯಕ್ಷೇತ್ರಕ್ಕೆ ನಮ್ಮ ಓದುಗರಲ್ಲಿ ಹಲವರು ಹೋಗಿಬಂದಿರಬಹುದು. ಮುಂಗೋಪವಿಲ್ಲದ ವಾಜರ ದಾರಿಯೇ ಮೇಲೆಂದು ಹೇಳುವುದು ಸುಲಭ. ಆದರೆ ವಾಜರು ಗೋವೆಯಲ್ಲಿಯೇ ಗುರುದೀಕ್ಷೆ ಪಡೆದರು, ಅವರಿಗಿಂತ ಐವತ್ತು ವರ್ಷ ಮೊದಲಿನವರು ಅದಕ್ಕಾಗಿ ಪರ್ಷಿಯಾವನ್ನು ದಾಟಬೇಕಾಗಿತ್ತು.

ಮತೇವುಸ್ ದೆ ಕಾಸ್ತ್ರೊ ಅವರು ತಮ್ಮ ಕೊನೆಯ ಸುಮಾರು ಇಪ್ಪತ್ತು ವರ್ಷಗಳನ್ನು ರೋಮಿನಲ್ಲಿ ಕಳೆದು, ಎಂಬತ್ತು ದಾಟಿದ ವಯಸ್ಸಿನಲ್ಲಿ, 1677ರಲ್ಲಿ ಅಲ್ಲಿಯೇ ಮೃತರಾದರು. ಅವರು ಬರೆದ ದೂರುಗಳು ಪ್ರೊಪಗಾಂದದ ದಫ್ತರದಲ್ಲಿ ಇಂದಿಗೂ ಇವೆ. ಗೋವೆಯವರು ಅವರ ಮೇಲೆ ಬರೆದ ದೂರುಗಳೂ ಅದೇ ದಫ್ತರದಲ್ಲಿವೆ.